ಕೌನ್ಸೆಲಿಂಗ್ ಹಾಲ್‌ನಾಗ ಬಾಯೇ ಬರಲಿಲ್ಲ: ನಿರ್ಧಾರ ಮಾಡಾಕ ಹೆದರೋದು ಬೆಳೆದ ಮನಿಯಿಂದ ಬಂದಿದ್ದಾ?

ಓದುಗರ ಪ್ರಶ್ನೆ: ಮೇಡಂ, ನನಗ 34 ವರ್ಷ. ಗಂಗಾವತಿಯಾಗ ಇರ್ತೀವಿ, ಕುಷ್ಟಗಿ ತಾಲೂಕಿನ ಒಂದು ಹಳ್ಳಿ ಸರ್ಕಾರಿ ಸಾಲ್ಯಾಗ ಟೀಚರ್ ಅದೀನಿ. ಯಜಮಾನ್ರು ರೈಸ್ ಮಿಲ್‌ನಾಗ ಲೆಕ್ಕ ಬರೀತಾರ. ದಿನಾ ಬಸ್ಸಿಗೆ ಓಡಾಡಿ ಸಾಕಾಗೈತಿ. ಹೋದ ಸಲ ವರ್ಗಾವಣೆ ಕೌನ್ಸೆಲಿಂಗ್‌ನಾಗ ನನ್ನ ನಂಬರ್ ಬಂದಾಗ ಪರದೆ ಮ್ಯಾಲೆ ನನಗ ಆಗುವಂಥಾ ಎರಡು ಸಾಲಿ ಇದ್ವು. ಒಂದು ಗಂಗಾವತಿ ತಾಲೂಕಿಂದು ಆದ್ರ ಬಸ್ ಕಮ್ಮಿ, ಇನ್ನೊಂದು ಕಾರಟಗಿ ಕಡೆ, ಮೇನ್ ರೋಡಿಗೆ. ಅಪ್ಪಾಜಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಯಜಮಾನ್ರು "ನಿನಗ ಬಿಟ್ಟಿದ್ದು" ಅಂದ್ರು. ಒಮ್ಮೆ ಹ್ಞೂಂ ಅಂದ್ರ ವಾಪಸ್ ಇಲ್ಲ ಅಂತ ಗೊತ್ತಿತ್ತು, ಕೈ ನಡುಗಾಕ ಹತ್ತಿದ್ವು, "ಬ್ಯಾಡ್ರಿ" ಅಂದು ಎದ್ದು ಬಂದೆ. ನಮ್ಮ ತವರು ಮಾನ್ವಿ ಕಡೆ, ಕಾಲುವೆ ಕೊನಿ ಭಾಗ. ನಾ 11 ವರ್ಷದಾಕಿ ಇದ್ದಾಗ ಎರಡನೇ ಬೆಳೆ ಭತ್ತ ಹಚ್ಚಿ ನೀರು ಬರದೆ ಸಾಲ ಆಗಿ ಎರಡು ಎಕರೆ ಮಾರಿದ್ರು. ಆವಾಗಿಂದ ನಮ್ಮ ಮನ್ಯಾಗ ಯಾವುದಕ್ಕೂ "ತಡಿ, ನೋಡೂಣು" ಅನ್ನೋದ ಮಾತು. ನಾನು ಹಟ ಮಾಡಿ ಪಿಯುಸಿ ಸೈನ್ಸ್ ತಗೊಂಡು ಫೇಲಾದೆ, ಆಮ್ಯಾಲೆ ಅಪ್ಪಾಜಿ ಹೇಳಿದಂಗ ಡಿಎಡ್ ಮಾಡಿ ನೌಕರಿ ಆತು. ಅದನ್ನ ಇವತ್ತಿಗೂ ಎಲ್ಲಾರ ಮುಂದ ಹೇಳ್ತಾರ. ನನ್ನ ತಮ್ಮ ನೋಡಿದ್ರ ಪೂರಾ ಉಲ್ಟಾ, ಐದು ನಿಮಿಷದಾಗ ಟ್ರ್ಯಾಕ್ಟರ್ ತಗೋತಾನ, ಲಾಸ್ ಮಾಡ್ಕೋತಾನ. ಒಂದ ಮನ್ಯಾಗ ಬೆಳೆದ ನಾವಿಬ್ರು ಹಿಂಗ್ಯಾಕ? ಇದು ಇನ್ನ ಬದಲಾಗ್ತೈತ? ಈಗ 9 ವರ್ಷದ ನನ್ನ ಮಗಳು "ಯಾವ ಪೆನ್ಸಿಲ್ ತಗೊಳ್ಳಿ ಮಮ್ಮಿ" ಅಂತ ಕೇಳಾಕತ್ತಾಳ, ಅದನ್ನ ನೋಡಿ ಹೆದರಿಕೆ ಆತು, ಅದಕ್ಕ ಬರದೀನಿ.

ಉತ್ತರ: ಮೇಡಂ, ನಿಮ್ಮ ಪತ್ರದಾಗ ಮೂರು ಪ್ರಶ್ನೆ ಒಂದರಾಗೊಂದು ಸೇರ್ಕೊಂಡಾವ. ಇದು ಮನಿಯಿಂದ ಬಂದಿದ್ದಾ, ಹೋಗ್ತೈತಾ, ಮಗಳಿಗೂ ದಾಟ್ತೈತಾ. ಇವೆಲ್ಲಾದರ ಹಿಂದ ಬರೀದೆ ಬಿಟ್ಟ ಇನ್ನೊಂದು ಪ್ರಶ್ನೆ ನನಗ ಕಾಣ್ತೈತಿ, "ನಂದ ತಪ್ಪಾ, ಅಪ್ಪಾಜಿದ ತಪ್ಪಾ" ಅನ್ನೋದು. ಅದನ್ನ ಮೊದಲು ಬಿಡಿಸ್ತೀನಿ, ಯಾಕಂದ್ರ ಅದು ನಡುವ ಕುಂತಿರೋ ತನಕ ಉಳಿದಿದ್ದು ಯಾವುದೂ ಮುಂದಕ್ಕ ಹೋಗಂಗಿಲ್ಲ.

ನಿಮ್ಮ ಅಪ್ಪಾಜಿ "ತಡಿ, ನೋಡೂಣು" ಅಂದಿದ್ದು ಹೇಡಿತನ ಅಲ್ಲ. ನಿಮ್ಮ ವಯಸ್ಸು ಲೆಕ್ಕ ಹಾಕಿದ್ರ ಅದು 2002ರ ಸುತ್ತಮುತ್ತ ಆಗ್ತೈತಿ, ಕರ್ನಾಟಕದಾಗ ಸಾಲಾಗಿ ಮೂರು ವರ್ಷ ಬರ ಬಿದ್ದಿದ್ದ ಕಾಲ. ತುಂಗಭದ್ರಾ ಎಡದಂಡೆ ಕಾಲುವೆ ಟೇಲೆಂಡ್‌ನಾಗ ಇರೋ ಮಾನ್ವಿ, ಸಿರವಾರ ಕಡೆ ರೈತರಿಗೆ ಡ್ಯಾಮ್ ತುಂಬಿದ ವರ್ಷನೂ ನೀರು ಬರ್ತೈತೋ ಇಲ್ಲೋ ಅನ್ನೋ ಗ್ಯಾರಂಟಿ ಇರಂಗಿಲ್ಲ, ಇನ್ನ ಬರಗಾಲದಾಗ ಎರಡನೇ ಬೆಳೆ ಅಂದ್ರ ಏನು ಅಂತ ನಿಮಗ ನಾ ಹೇಳೋದು ಬ್ಯಾಡ. ಕಾಲುವೆಗೆ ನೀರು ಬಿಡೋದನ್ನ ತೀರ್ಮಾನ ಮಾಡೋ ನೀರಾವರಿ ಸಲಹಾ ಸಮಿತಿ ಸಭೆ ಆಗೋ ತನಕ ಸಸಿ ಮಡಿ ಹಾಕ್ಲೋ ಬ್ಯಾಡೋ ಅಂತ ಇಡೀ ಊರಿಗೆ ಊರ ಕಾಯ್ತೈತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದಾಗ ಮಂದಿ ನಿದ್ದಿ ಮಾಡಲಿಲ್ಲ, ತುಂಬಿದ ಡ್ಯಾಮೂ ನಂಬಂಗಿಲ್ಲ ಅಂತ ಆತು. ಇಂಥಾ ಕಡೆ ಒಮ್ಮೆ ಮುಂದ ಹೆಜ್ಜಿ ಇಟ್ಟು ಹೊಲ ಕಳಕೊಂಡ ಮನುಷ್ಯಾ ಆಮ್ಯಾಲೆ ಕಾದು ನೋಡೋದು ಕಲಿಯೋದು ಬುದ್ಧಿವಂತಿಕಿ. ಆ ಹೊಲಕ್ಕ, ಆ ನೀರಿಗೆ, ಆ ಸಾಲಕ್ಕ ಅದು ಸರಿಯಾದ ಉತ್ತರ ಇತ್ತು. ಕೌನ್ಸೆಲಿಂಗ್ ಹಾಲ್‌ಗೆ ಅದು ಉತ್ತರ ಅಲ್ಲ, ಅಷ್ಟ.

ಈಗ ತಮ್ಮನ ವಿಷಯ. ನನ್ನ ಕಡೆ ಬರೋ ಮಂದಿ ಬಾಳಷ್ಟು "ನಮ್ಮ ಮನ್ಯಾಗ ಅಪ್ಪಂದ ನಡೀತಿತ್ತು, ಅದಕ್ಕ ನನಗ ನಿರ್ಧಾರ ಬರಂಗಿಲ್ಲ" ಅಂತ ಶುರು ಮಾಡ್ತಾರ. ಬಳ್ಳಾರಿಯಾಗ ಇಷ್ಟು ವರ್ಷ ಮನಶ್ಶಾಸ್ತ್ರಜ್ಞೆ ಆಗಿ ಕೆಲಸ ಮಾಡಿದ ಮ್ಯಾಲೆ ನನಗ ಅನ್ನಿಸಿದ್ದು, ಮನ್ಯಾಗ ಯಾರದು ನಡೀತಿತ್ತು ಅನ್ನೋದು ಅರ್ಧ ಕಥಿ. ನಾ ಕೇಳೋದು ಬ್ಯಾರೆ: ಮನ್ಯಾಗ ಒಂದು ನಿರ್ಧಾರ ತಪ್ಪಾದ ದಿವಸ ಏನಾಗ್ತಿತ್ತು? ಅವತ್ತು ಯಾರು ಮಾತಾಡಿದ್ರು, ಯಾರು ಅತ್ರು, ಯಾರ ಹೆಸರು ಹೇಳಿದ್ರು, ಎಷ್ಟು ವರ್ಷ ಹೇಳಿದ್ರು?

ನೀವು ಸೈನ್ಸ್ ತಗೊಂಡ್ರಿ, ಫೇಲಾದ್ರಿ. 16 ವರ್ಷದ ಹುಡುಗಿ ಫೇಲಾಗೋದು ದೊಡ್ಡ ಸಂಗತಿ ಅಲ್ಲ, ಸಪ್ಲಿಮೆಂಟರಿ ಅಂತ ಒಂದು ಇರ್ತೈತಿ. ಆದ್ರ ಅದು ನಿಮ್ಮ ಮನ್ಯಾಗ ಒಂದು ಕಥಿ ಆತು, ಮದುವ್ಯಾಗ ಹೇಳೋ ಕಥಿ, ನಾಗರಪಂಚಮಿಗೆ ತವರಿಗೆ ಬಂದಾಗ ಹೇಳೋ ಕಥಿ, ಕೊನಿಗೆ "ಅಪ್ಪನ ಮಾತು ಕೇಳಿದ್ದಕ್ಕ ನೌಕರಿ ಆತು" ಅಂತ ಮುಗಿಯೋ ಕಥಿ. ತಮ್ಮ ಟ್ರ್ಯಾಕ್ಟರ್ ತಗೊಂಡು ಲಾಸ್ ಮಾಡಿದಾಗ ಏನಾತು, ಅದನ್ನ ನೀವು ಬರದಿಲ್ಲ, ಆದ್ರೂ ಕೇಳ್ತೀನಿ. ಕಂತು ಯಾರು ಕಟ್ಟಿದ್ರು? "ಗಂಡು ಹುಡುಗ, ಕೈ ಸುಟ್ಟುಕೊಂಡು ಕಲೀತಾನ" ಅಂತ ಯಾರರೆ ಅಂದ್ರಾ? ನಮ್ಮ ಕಡೆ ಎಷ್ಟು ಮನ್ಯಾಗ ನೋಡೀನಿ ಇದನ್ನ. ಗಂಡು ಮಗನ ತಪ್ಪಿಗೆ ಅಪ್ಪ ರೊಕ್ಕ ಕಟ್ಟತಾನ, ಹೆಣ್ಣು ಮಗಳ ತಪ್ಪಿಗೆ ಆಕಿನ ಜೀವನಪೂರ್ತಿ ಬಡ್ಡಿ ಕಟ್ಟಬೇಕು. ಆವಾಗ ಅವನಿಗೆ ತಪ್ಪಿಗೆ ಬೆಲಿನ ಇಲ್ಲ ಅನ್ನಿಸ್ತೈತಿ, ಈಕಿಗೆ ಪ್ರತಿಯೊಂದು ಆಯ್ಕೆನೂ ಗಂಡಾಂತರ ಅನ್ನಿಸ್ತೈತಿ. ಮನಿ ಒಂದ ಇದ್ರೂ ಇಬ್ಬರಿಗೆ ಸಿಕ್ಕ ಪಾಠ ಬ್ಯಾರೆ ಬ್ಯಾರೆ. ನನ್ನ ಲೆಕ್ಕದಾಗ ನಿಮ್ಮ ತಮ್ಮನೂ ನಿಮ್ಮಂಗ ಸಿಕ್ಕಿಬಿದ್ದವನ, ಅವನಿಗೂ ನಿರ್ಧಾರ ಮಾಡಾಕ ಬರಂಗಿಲ್ಲ, ಐದು ನಿಮಿಷದಾಗ ಮುಗಿಸೋದು ಆ ಕಸಿವಿಸಿಯಿಂದ ತಪ್ಪಿಸಿಕೊಳ್ಳೋ ಇನ್ನೊಂದು ದಾರಿ. ಜಾನಿಸ್ ಮತ್ತ ಮಾನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1977ರಾಗ ಇದನ್ನ ಚೆಂದಾಗಿ ಬಿಡಿಸಿ ಇಟ್ಟಾರ: ನಿರ್ಧಾರದ ಒತ್ತಡ ಬಂದಾಗ ಕೆಲವರು ಮುಂದ ಹಾಕ್ತಾರ, ಕೆಲವರು ಬ್ಯಾರೆಯವರ ಮ್ಯಾಲೆ ಹಾಕ್ತಾರ, ಕೆಲವರು ಗಾಬರಿಬಿದ್ದು ಕೈಗೆ ಸಿಕ್ಕಿದ್ದನ್ನ ಹಿಡೀತಾರ, ಇನ್ನ ಕೆಲವರು ಕುಂತು ವಿಚಾರ ಮಾಡ್ತಾರ. ಮೊದಲಿನ ಎರಡು ನಿಮ್ಮವು, ಮೂರನೇದು ತಮ್ಮಂದು.

ಇಲ್ಲೆ ಒಂದು ಮಾತು ಸೇರಿಸಬೇಕು, ಎಲ್ಲಾನೂ ಬೆಳೆಸಿದ್ರಿಂದ ಬಂತು ಅನ್ನೋದೂ ನಿಜ ಅಲ್ಲ. ಅವಳಿ ಮಕ್ಕಳ ಮ್ಯಾಲೆ 50 ವರ್ಷ ನಡೆದ ಅಧ್ಯಯನಗಳನ್ನ 2015ರಾಗ ಒಟ್ಟುಗೂಡಿಸಿ ನೋಡಿದ್ರು, ಮನುಷ್ಯರ ನಡುವಿನ ವ್ಯತ್ಯಾಸದಾಗ ಸರಾಸರಿ ಅರ್ಧದಷ್ಟು ಹುಟ್ಟಿನಿಂದ ಬಂದಿದ್ದು ಅಂತ ಬಂತು. ಕೆಲವು ಮಕ್ಕಳು ಹುಟ್ಟಾನ ಹಿಂಜರಿಯೋ ಸ್ವಭಾವದವ್ರು, ಕೆಲವು ಮುನ್ನುಗ್ಗೋರು, ತಾಯಂದಿರಿಗೆ ಇದು ಗೊತ್ತಿರೋದ. ಹಂಗಂತ ಬೆಳೆಸೋದಕ್ಕ ಬೆಲಿ ಇಲ್ಲ ಅಂತಲ್ಲ, ಹಿಂಜರಿಯೋ ಮಗಳಿಗೆ ತಪ್ಪಿನ ಕಥಿ ಪದೇಪದೇ ಹೇಳಿದ್ರ ಆ ಹಿಂಜರಿಕೆ ಗಟ್ಟಿ ಆಗ್ತೈತಿ, ಹೇಳದಿದ್ರ ಸಡಿಲ ಆಗ್ತೈತಿ.

ಇನ್ನೊಂದು ತಪ್ಪು ಕಲ್ಪನೆ, ಈಗಿನ ವಿಡಿಯೋದಾಗೆಲ್ಲ ಕೇಳಿರ್ತೀರಿ, ಅಪ್ಪ ಅಮ್ಮನ್ನ ಕೇಳಿ ಮಾಡೋರು ದುರ್ಬಲರು, ಸ್ವಂತ ನಿರ್ಧಾರ ಮಾಡೋರ ಗಟ್ಟಿ ಅಂತ. ನಾ ಇದನ್ನ ಒಪ್ಪಂಗಿಲ್ಲ. ಪಾಲಕರ ಶೈಲಿ ಬಗ್ಗೆ ಎಲ್ಲಾರೂ ಹೇಳೋ ವಿಂಗಡಣೆ ಡಯಾನಾ ಬಾಮ್ರಿಂಡ್ ಅನ್ನೋರು 1960ರ ದಶಕದಾಗ ಅಮೆರಿಕದ ಕುಟುಂಬ ನೋಡಿ ಮಾಡಿದ್ದು. ಕಟ್ಟುನಿಟ್ಟಾಗಿ ಆಳೋರು, ಎಲ್ಲಾ ಬಿಟ್ಟುಬಿಡೋರು, ಶಿಸ್ತೂ ಇಟ್ಟು ಕಾರಣನೂ ಹೇಳೋರು ಅಂತ. ಆಮ್ಯಾಲೆ 1994ರಾಗ ರೂತ್ ಚಾವೊ ಅನ್ನೋ ಸಂಶೋಧಕಿ ಅಮೆರಿಕಕ್ಕ ಬಂದು ನೆಲೆಸಿದ ಚೀನೀ ತಾಯಂದಿರನ್ನ ನೋಡಿ, ಅವರಲ್ಲಿ ಕಟ್ಟುನಿಟ್ಟಿನ ಅರ್ಥನ ಬ್ಯಾರೆ, ಅದರಾಗ ಕಾಳಜಿ ಕೂಡೇ ಇರ್ತೈತಿ, ಅಮೆರಿಕದ ಅಳತಿ ಅವರಿಗೆ ಹಚ್ಚಬ್ಯಾಡ್ರಿ ಅಂದ್ರು. ನಮ್ಮ ಕಡೆನೂ ಹಂಗ ಐತಿ ಅಂತ ನನ್ನ ಅನುಭವ. ಹಿರೇರನ್ನ ಕೇಳೋದು ರೋಗ ಅಲ್ಲ. ಆದ್ರ ಕೇಳೋದ್ರಾಗ ಎರಡು ಥರ ಐತಿ. "ಅಪ್ಪಾಜಿ, ಆ ಊರಿನ ರೋಡ್ ಮಳಿಗಾಲದಾಗ ಹೆಂಗಿರ್ತೈತಿ?" ಅಂತ ಕೇಳೋದು ಮಾಹಿತಿ. "ಅಪ್ಪಾಜಿ, ನಾ ಏನ್ ಮಾಡ್ಲಿ?" ಅನ್ನೋದು ಹೊರೆ ದಾಟಿಸೋದು. ಎರಡನೇದ್ರಾಗ ಒಂದು ಸಮಾಧಾನ ಐತಿ, ನಾಳೆ ತಪ್ಪಾದ್ರ ನಂದಲ್ಲ ಅನ್ನೋದು. ಆ ಸಮಾಧಾನಾನ ನಿಮ್ಮನ್ನ ಕಟ್ಟಿ ಹಾಕಿರೋದು.

ಹಾಲ್‌ನಾಗ ಕೈ ನಡುಗಿದ್ದು ಯಾಕಂತನೂ ಹೇಳ್ತೀನಿ. ಮನುಷ್ಯರಿಗೆ ಕಳಕೊಳ್ಳೋದ್ರ ನೋವು ಅಷ್ಟ ಗಳಿಸೋದ್ರ ಖುಷಿಗಿಂತ ಜಾಸ್ತಿ, ಕಾನಮನ್ ಮತ್ತ ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಾಗ ಇದನ್ನ ತೋರಿಸಿಕೊಟ್ಟ ಮ್ಯಾಲೆ ಬಾಳ ಕಡೆ ಪರೀಕ್ಷೆ ಆಗೈತಿ. ಹಾಗಾಗಿ ಎರಡು ಸಾಲಿ ಎದುರಿಗಿದ್ದಾಗ ಒಂದನ್ನ ಹಿಡಿದ್ರ ಇನ್ನೊಂದು ಕಳಕೊಂಡಂಗ ಕಾಣ್ತೈತಿ. ಜೊತಿಗೆ, ನಾವೇ ಮಾಡಿದ ತಪ್ಪು ಸುಮ್ನಿದ್ದು ಆದ ತಪ್ಪಿಗಿಂತ ಆ ಕ್ಷಣಕ್ಕ ಜಾಸ್ತಿ ಚುಚ್ಚತೈತಿ. ಕಾರಟಗಿ ತಗೊಂಡು ಅದು ಸರಿ ಇಲ್ಲ ಅಂತಾದ್ರ "ನಾ ತಗೊಂಡೆ", ಬ್ಯಾಡ ಅಂದ್ರ "ಹಣೇಬರಹ". ಅದಕ್ಕ ಮನಸ್ಸು "ಬ್ಯಾಡ" ಅನ್ನೋ ಬಾಗಿಲಾಗ ಓಡಿ ಹೋಗ್ತೈತಿ. ಆದ್ರ ಗಿಲೊವಿಚ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತ ಅವರ ಜೋಡಿ ಕೆಲಸ ಮಾಡಿದೋರು 1990ರ ದಶಕದಾಗ ಕಂಡುಕೊಂಡಿದ್ದು ಏನಂದ್ರ, ವರ್ಷಗಟ್ಟಲೆ ಆದ ಮ್ಯಾಲೆ ಹಿಂದ ತಿರುಗಿ ನೋಡಿದಾಗ ಮಂದಿಗೆ ಜಾಸ್ತಿ ಕಾಡೋದು ಮಾಡಿದ್ದಲ್ಲ, ಮಾಡದೆ ಬಿಟ್ಟಿದ್ದು. ನೀವು ಪತ್ರ ಬರದಿದ್ದೂ ಅದಕ್ಕ ಅಲ್ಲೇನು? ಎರಡರಾಗ ಯಾವುದು ತಗೊಂಡಿದ್ರೂ ಇವತ್ತು ಕುಷ್ಟಗಿ ಬಸ್ಸು ಇರ್ತಿರಲಿಲ್ಲ. ಸುಮ್ನಿರೋದೂ ಒಂದು ನಿರ್ಧಾರನ, ಅದಕ್ಕೂ ದಿನಾ ಟಿಕೆಟ್ ದುಡ್ಡು ಬೀಳ್ತೈತಿ.

ಬದಲಾಗ್ತೈತಾ ಅಂದ್ರ, ಹೌದು, ಆಗ್ತೈತಿ, ಆದ್ರ ಬರೀ ಅರ್ಥ ಮಾಡಿಕೊಂಡ್ರ ಆಗಂಗಿಲ್ಲ. "ನನ್ನ ಬಾಲ್ಯದಿಂದ ಹಿಂಗಾಗೈತಿ" ಅಂತ ತಿಳಿದು ಅಲ್ಲೇ ನಿಂತೋರನ್ನ ಬಾಳ ನೋಡೀನಿ, ಅವರಿಗೆ ಆ ತಿಳುವಳಿಕೆನ ಇನ್ನೊಂದು "ತಡಿ, ನೋಡೂಣು" ಆಗಿಬಿಡ್ತೈತಿ. ಮೈಗೆ ಗೊತ್ತಾಗಬೇಕು, ನಾ ಒಂದು ಆಯ್ಕೆ ಮಾಡಿದೆ, ಅದು ಸ್ವಲ್ಪ ತಪ್ಪಾತು, ಆದ್ರೂ ಯಾರೂ ಸಾಯಲಿಲ್ಲ ಅಂತ. ಇದು ಸಣ್ಣ ಸಣ್ಣದ್ರಾಗ ಬಾಳ ಸಲ ಆಗಬೇಕು. ಹೋಟೆಲ್‌ನಾಗ ಮೆನು ನೋಡಿದ ಮ್ಯಾಲೆ ಎಲ್ಲಾರಕಿಂತ ಮೊದಲು ನೀವು ಹೇಳ್ರಿ. ಸೀರಿ ಅಂಗಡ್ಯಾಗ ಯಾರಿಗೂ ಫೋಟೋ ಕಳಿಸದೆ ಒಂದು ತಗೊಳ್ರಿ, ತಗೊಂಡ ಮ್ಯಾಲೆ "ಹೆಂಗೈತಿ" ಅಂತ ಕೇಳಬ್ಯಾಡ್ರಿ, ಇದು ಕೇಳಾಕ ಸಣ್ಣದು, ಮಾಡಾಕ ಬಾಳ ಕಷ್ಟ, ಮೊದಲ ಎರಡು ವಾರ ಹೊಟ್ಟ್ಯಾಗ ಸಂಕಟ ಆಗ್ತೈತಿ ಅಂತ ಬರೋರೆಲ್ಲಾ ಹೇಳ್ತಾರ. ಹರ್ಬರ್ಟ್ ಸೈಮನ್ ಅಂತ ಅರ್ಥಶಾಸ್ತ್ರಕ್ಕ 1978ರಾಗ ನೊಬೆಲ್ ಬಂದವ್ರು ಒಂದು ಮಾತು ಹೇಳ್ಯಾರ, ಮನುಷ್ಯಾ ಎಲ್ಲಾದಕ್ಕಿಂತ ಉತ್ತಮವಾದದ್ದನ್ನ ಹುಡುಕಾಕ ಆಗಂಗಿಲ್ಲ, ಸಾಕಾಗುವಷ್ಟು ಚಲೋ ಇರೋದನ್ನ ಕಂಡ ತಕ್ಷಣ ಹಿಡಿಯೋದ ಅವನ ರೀತಿ ಅಂತ. ಸೀರಿ ವಿಷಯದಾಗ ಹಂಗ ಮಾಡ್ರಿ. ಸೈಟ್ ವಿಷಯದಾಗ ಹಂಗ ಮಾಡಬ್ಯಾಡ್ರಿ, ಅಲ್ಲಿ ಪತ್ರ ನೋಡಬೇಕು, ವಕೀಲರಿಗೆ ತೋರಿಸಬೇಕು, ಅಲ್ಲಿ ನಿಮ್ಮ ಅಪ್ಪಾಜಿಯ ತಡೀ ತಡೀ ಅನ್ನೋ ಸ್ವಭಾವ ನಿಮಗ ಲಾಭ.

ಜೊತಿಗೆ ಒಂದು ನೋಟ್‌ಬುಕ್ ಇಡ್ರಿ. ದೊಡ್ಡ ನಿರ್ಧಾರ ಮಾಡಿದ ದಿವಸ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾಕ ಇದನ್ನ ಹಿಡಿದೆ ಅಂತ ನಾಕು ಸಾಲು. ಯಾಕಂದ್ರ ನಾವು ನಿರ್ಧಾರನ ಅದರ ಫಲದಿಂದ ಅಳೀತೀವಿ. ನಿಮ್ಮ ಸೈನ್ಸ್ ಆಯ್ಕೆ ಕೆಟ್ಟ ನಿರ್ಧಾರ ಆಗಿತ್ತೋ, ಇಲ್ಲಾ ಹಳ್ಳಿ ಕನ್ನಡ ಸಾಲಿಯಿಂದ ಬಂದ ಹುಡುಗಿಗೆ ಇಂಗ್ಲಿಷ್‌ನಾಗ ಫಿಸಿಕ್ಸ್ ಓದೋ ಮುಂದ ಸಹಾಯ ಇರಲಿಲ್ಲೋ, ಇದನ್ನ ಯಾರೂ ಕೇಳಲಿಲ್ಲ. ಫೇಲ್ ಆತು, ಅದಕ್ಕ ನಿರ್ಧಾರನ ತಪ್ಪು ಅಂತ ತೀರ್ಪು ಕೊಟ್ರು. ನೋಟ್‌ಬುಕ್ಕಿನ ಅಪಾಯನೂ ಹೇಳಿಬಿಡ್ತೀನಿ, ಅದನ್ನ ದಿನಾ ತೆಗೆದು ಓದಿ ಕೊರಗೋ ಮಂದಿ ಅದಾರ, ನೀವು ಹಂಗ ಅಂತ ಅನ್ನಿಸಿದ್ರ ಬರಿಯೋದು ಬಿಟ್ಟುಬಿಡ್ರಿ.

ಅಪ್ಪಾಜಿ ಜೊತಿ ಕುಂತು ಹಳೇದೆಲ್ಲಾ ಮಾತಾಡ್ಬೇಕಾ ಅಂತ ಬಾಳ ಮಂದಿ ಕೇಳ್ತಾರ. ಮಾಡಬಹುದು, ಆದ್ರ "ನಿಮ್ಮಿಂದ ನಾ ಹಿಂಗಾದೆ" ಅಂತ ಹೋದ್ರ ಅವರು ಕ್ಷಮೆ ಕೇಳಂಗಿಲ್ಲ, ಜಗಳ ಆಗ್ತೈತಿ, ನಿಮಗ ಇನ್ನೊಂದು ತಪ್ಪಿನ ಕಥಿ ಸಿಗ್ತೈತಿ. ಬೇಕಾದ್ರ ಆ ವರ್ಷ ಏನಾಗಿತ್ತು ಅಂತ ಕೇಳ್ರಿ, ಸಾಲ ಎಷ್ಟಿತ್ತು, ಎರಡು ಎಕರೆ ಮಾರೋ ನಿರ್ಧಾರ ಹೆಂಗ ಮಾಡಿದ್ರಿ ಅಂತ. ಮಕ್ಕಳಿಗೆ ಮನ್ಯಾಗಿನ ಅಂಜಿಕೆ ಕಾಣ್ತೈತಿ, ಲೆಕ್ಕ ಕಾಣಂಗಿಲ್ಲ. ಲೆಕ್ಕ ಕೇಳಿದ ಮ್ಯಾಲೆ ಆ ಅಂಜಿಕೆಗೆ ಒಂದು ಅಳತಿ ಸಿಗ್ತೈತಿ. ಆದ್ರ ಸೈನ್ಸ್ ಕಥಿ ಇನ್ನೊಮ್ಮೆ ಮಗಳ ಮುಂದ ಶುರು ಮಾಡಿದ್ರ, "ಅಪ್ಪಾಜಿ, ಅದು ಸಾಕ್ರಿ, ಈಕಿ ಕೇಳಿಸಿಕೊಳ್ತಾಳ" ಅಂತ ಒಂದ ಮಾತು ಹೇಳಿ ವಿಷಯ ಬದಲಿಸ್ರಿ. ಇದನ್ನ ನೀವು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಯಜಮಾನ್ರು "ನಿನಗ ಬಿಟ್ಟಿದ್ದು" ಅಂದಿದ್ದಕ್ಕ ನಿಮಗ ಸ್ವಲ್ಪ ಬ್ಯಾಸರ ಇರೋದು ಪತ್ರದಾಗ ಕಾಣ್ತೈತಿ. ಅದು ಗೌರವನೂ ಇರಬಹುದು, ಜಾರಿಕೊಳ್ಳೋದೂ ಇರಬಹುದು. ಕೇಳ್ರಿ ಅವರನ್ನ, ತಪ್ಪಾದ್ರ ಇಬ್ಬರೂ ಕೂಡಿ ಅನುಭವಿಸೂಣು ಅಂತ ಅರ್ಥನಾ ಅಂತ. ಇಲ್ಲೆ ಎಲ್ಲಾ ಓದುಗರಿಗೂ ಒಂದು ಎಚ್ಚರಿಕೆ, ಕೆಲವು ಮನ್ಯಾಗ ಹೆಣ್ಣುಮಗಳು ತಾನಾಗೇ ಒಂದು ನಿರ್ಧಾರ ಮಾಡಿದ್ರ ಬೈಗುಳ, ಹೊಡೆತ ಬೀಳ್ತಾವ. ಅಂಥಾ ಕಡೆ ಹಿಂಜರಿಯೋದು ಅಭ್ಯಾಸ ಅಲ್ಲ, ಜೀವ ಉಳಿಸಿಕೊಳ್ಳೋದು. ಅವರಿಗೆ ಧೈರ್ಯ ಮಾಡ್ರಿ ಅಂತ ನಾ ಹೇಳಂಗಿಲ್ಲ, ಮೊದಲು ಸುರಕ್ಷತೆ, 181 ಮಹಿಳಾ ಸಹಾಯವಾಣಿ ಐತಿ.

ಮಗಳ ಬಗ್ಗೆ. 9 ವರ್ಷದ ಹುಡುಗಿ ಪೆನ್ಸಿಲ್ ಕೇಳೋದು ರೋಗ ಅಲ್ರಿ, ಮುಂದಾಲೋಚನೆ ಮಾಡೋ ಮೆದುಳಿನ ಭಾಗ ಇಪ್ಪತ್ತು ದಾಟಿದ ಮ್ಯಾಲೂ ಬಲೀತಾ ಇರ್ತೈತಿ, ಆಕಿಗೆ ಟೈಮ್ ಐತಿ. ಕೇಳಿದಾಗ ನೀವು ಆರಿಸಿಕೊಡಬ್ಯಾಡ್ರಿ, "ನಿನಗ್ಯಾಕ ಎರಡೂ ಇಷ್ಟ ಆಗ್ಯಾವ ಹೇಳು" ಅನ್ರಿ, ಕಾಯ್ರಿ. ಗವಿಮಠದ ಜಾತ್ರಿಗೆ ಕರಕೊಂಡು ಹೋದಾಗ ಆಕಿ ಕೈಯಾಗ 100 ರೂಪಾಯಿ ಕೊಡ್ರಿ, ಇದು ನಿಂದು ಅಂತ. ಪೂರಾ ದುಡ್ಡು ಬಲೂನಿಗೆ ಹಾಕಿ ಅದು ಒಡೀತು ಅನ್ರಿ, ಆವಾಗ ಬರ್ತೈತಿ ನೋಡ್ರಿ ನಿಮ್ಮ ಪರೀಕ್ಷೆ. "ನಾ ಹೇಳಿದ್ನಿಲ್ಲ" ಅನ್ನಬಾರದು, ಇನ್ನೊಂದು ಬಲೂನೂ ಕೊಡಿಸಬಾರದು. ಮೊದಲನೇದು ನಿಮಗ ಆಗಿದ್ದು, ಎರಡನೇದು ತಮ್ಮಗ ಆಗಿದ್ದು. ಆಕಿ ಅತ್ರ ಅಳಾಕ ಬಿಟ್ಟು ಬಾಜೂಕ ಕುಂಡ್ರಿ, ಅಳು ನಿಂತ ಮ್ಯಾಲೆ ಮಂಡಾಳ ಮಿರ್ಚಿ ತಿನ್ನಾಕ ಕರಕೊಂಡು ಹೋಗ್ರಿ. ಮನಿಗೆ ಬಂದು ಅಜ್ಜನ ಮುಂದ ಬಲೂನಿನ ಕಥಿ ಹೇಳಬ್ಯಾಡ್ರಿ.

ಇನ್ನೊಂದು, ಕೊಟ್ಟ ಮಾತು ಉಳಿಸಿಕೊಳ್ರಿ. ಮಕ್ಕಳ ಮುಂದ ಸಿಹಿ ಇಟ್ಟು "ಕಾದ್ರ ಎರಡು ಕೊಡ್ತೀನಿ" ಅನ್ನೋ ಪ್ರಯೋಗದ ಬಗ್ಗೆ ಕೇಳಿರ್ತೀರಿ, ಕಾಯೋ ಮಗು ಮುಂದ ಬಾಳ ಮುಂದ ಬರ್ತೈತಿ ಅಂತ ಎಲ್ಲಾ ಕಡೆ ಹೇಳ್ತಾರ. 2018ರಾಗ ದೊಡ್ಡ ಗುಂಪಿನ ಮ್ಯಾಲೆ ನೋಡಿದಾಗ, ಮನಿ ಪರಿಸ್ಥಿತಿ ಲೆಕ್ಕಕ್ಕ ತಗೊಂಡ ಮ್ಯಾಲೆ ಆ ಸಂಬಂಧ ಬಾಳ ಸಣ್ಣದಾತು. ನನಗ ಅದಕ್ಕಿಂತ ಇಷ್ಟ ಆಗೋದು 2013ರಾಗ ಆದ ಒಂದು ಪ್ರಯೋಗ: ಮೊದಲು ಹೇಳಿದ ಮಾತಿನಂಗ ನಡಕೊಂಡ ದೊಡ್ಡವರ ಮುಂದ ಮಕ್ಕಳು ಸರಾಸರಿ 12 ನಿಮಿಷ ಕಾದ್ವು, ಮಾತು ತಪ್ಪಿದವರ ಮುಂದ 3 ನಿಮಿಷ. ಮಗು ತಾಳ್ಮಿಯಿಂದ ವಿಚಾರ ಮಾಡಬೇಕು ಅಂದ್ರ ನಾಳೆ ಬಗ್ಗೆ ಅದಕ್ಕ ನಂಬಿಕಿ ಇರಬೇಕು, ಆ ನಂಬಿಕಿ ಮನ್ಯಾಗಿಂದ ಬರ್ತೈತಿ.

ಕೊನಿಗೆ ಎರಡು ಕೆಲಸದ ಮಾತು. ನಿರ್ಧಾರ ಮಾಡಾಕ ಆಗದಿರೋದು ಖಿನ್ನತೆಯ ಒಂದು ಲಕ್ಷಣನೂ ಹೌದು. ನಿಮಗ ಇದು ಸಣ್ಣಾಕಿ ಇದ್ದಾಗಿಂದ ಇದ್ರ ಬ್ಯಾರೆ, ಆದ್ರ ಈಗ ಇತ್ತಿತ್ತಲಾಗ ಜಾಸ್ತಿ ಆಗಿದ್ರ, ಎರಡು ವಾರಕ್ಕಿಂತ ಮ್ಯಾಲೆ ನಿದ್ದಿ ಇಲ್ಲ, ಊಟ ಸೇರಂಗಿಲ್ಲ, ಯಾವುದರಾಗೂ ಮನಸ್ಸಿಲ್ಲ ಅಂತಿದ್ರ, ಇಲ್ಲಾ ಬಾಗಿಲು ಹಾಕೀನೋ ಇಲ್ಲೋ ಅಂತ ಹತ್ತು ಸಲ ನೋಡೋದು ಶುರು ಆಗಿದ್ರ, ಬೆಳೆಸಿದ್ದರ ಬಗ್ಗೆ ವಿಚಾರ ಮಾಡ್ತಾ ಕುಂಡ್ರಬ್ಯಾಡ್ರಿ, ಕೊಪ್ಪಳ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನ ನೋಡ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ದಿನದ 24 ತಾಸೂ ಫ್ರೀ ಫೋನ್ ಮಾಡಬಹುದು, ಕನ್ನಡದಾಗ ಮಾತಾಡ್ತಾರ. ಇದರಾಗ ನಾಚಿಕಿ ಪಡೋದು ಏನಿಲ್ಲ. 1980ರ ದಶಕದಾಗ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲಾದಾಗ ಹಳ್ಳಿ ಆಸ್ಪತ್ರೆ ಡಾಕ್ಟರ್‌ಗಳಿಗೆ ಮನಸ್ಸಿನ ಕಾಯಿಲೆ ನೋಡೋದು ಕಲಿಸಿದ್ರು, ಅದನ್ನ ಮಾದರಿ ಇಟ್ಕೊಂಡು 1996ರಾಗ ದೇಶಕ್ಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈ ಸೌಲಭ್ಯ ನಮ್ಮ ಕಡೆಯಿಂದ ಹುಟ್ಟಿದ್ದು, ನಾವ ಬಳಸದಿದ್ರ ಹೆಂಗ.

ಇನ್ನ ಮುಂದಿನ ಕೌನ್ಸೆಲಿಂಗ್. ಆ ಹಾಲ್‌ನಾಗ ನಿರ್ಧಾರ ಮಾಡಬ್ಯಾಡ್ರಿ, ಮನ್ಯಾಗ ಮಾಡಿಕೊಂಡು ಹೋಗ್ರಿ. ಖಾಲಿ ಹುದ್ದೆ ಪಟ್ಟಿ ಬಂದ ದಿವಸ ಯಜಮಾನ್ರ ಜೊತಿ ಕುಂತು ನಿಮಗ ಮುಖ್ಯ ಇರೋವು ಮೂರೇ ಮೂರು ಬರೀರಿ, ಬಸ್ಸು, ಮಗಳ ಸಾಲಿ, ಇನ್ನೊಂದು ನೀವ ಹೇಳಬೇಕು. ಅಪ್ಪಾಜಿಗೆ ಫೋನ್ ಮಾಡೋದಿದ್ರ ಅವತ್ತ ಮಾಡ್ರಿ, ರೋಡಿನ ಬಗ್ಗೆ ಕೇಳ್ರಿ, ಏನ್ ಮಾಡ್ಲಿ ಅಂತ ಕೇಳಬ್ಯಾಡ್ರಿ. ಆಮ್ಯಾಲೆ ಸಾಲಿ ಹೆಸರು ಒಂದರ ಕೆಳಗೊಂದು ಬರದು, "ಇದು ಇದ್ರ ಇದು, ಇದು ಹೋಗಿದ್ರ ಅದು, ಎಲ್ಲಾನೂ ಹೋಗಿದ್ರ ಈ ಸಲ ಬ್ಯಾಡ" ಅಂತ ಚೀಟಿ ಮಾಡ್ಕೋರಿ. ಹಿಂಗಾದ್ರ ಹಿಂಗ ಮಾಡ್ತೀನಿ ಅಂತ ಮೊದಲ ಗಟ್ಟಿ ಮಾಡಿಕೊಂಡವರು ಹೇಳಿದ್ದನ್ನ ಮಾಡಿ ಮುಗಿಸೋದು ಜಾಸ್ತಿ ಅಂತ ಪೀಟರ್ ಗೋಲ್‌ವಿಟ್ಸರ್ ಅನ್ನೋರ ಕೆಲಸದಿಂದ ಗೊತ್ತಾಗೈತಿ. ನಂಬರ್ ಬಂದಾಗ ಫೋನ್ ಬ್ಯಾಗಿನ್ಯಾಗ ಇರಲಿ, ಚೀಟಿ ಕೈಯಾಗ ಇರಲಿ. ಇದರಾಗೂ ಅಪಾಯ ಐತಿ, ನೀವು ತಗೊಂಡ ಸಾಲ್ಯಾಗ ಹೆಡ್‌ಮಾಸ್ಟರ್ ಸರಿ ಇಲ್ಲದಿರಬಹುದು, ಬಸ್ ಟೈಮ್ ಬದಲಾಗಬಹುದು, ಅದು ಚೀಟಿಯಾಗ ಬರಂಗಿಲ್ಲ. ಆ ಮೂರನೇದು ಏನು ಅಂತ ಗೊತ್ತಾಗದಿದ್ರ ಪಟ್ಟಿ ಜೊತಿ ನನಗ ಬರೀರಿ, ನೋಡಿ ಹೇಳ್ತೀನಿ, ಸಾಲಿ ಮಾತ್ರ ನಾ ಆರಿಸಿಕೊಡಂಗಿಲ್ಲ.